ಜೇಡನ ಕೈಗೆ ತೊಡಿಸಿದ ಕಡಗ

ಸ್ಪೈಡರ್‌ಮ್ಯಾನ್ ಗೋಡೆ ಹತ್ತುವುದನ್ನು ನೋಡಿ ನಾನು ಅವನ ಅಭಿಮಾನಿಯಾದವನಲ್ಲ. ಅವನು ಮೇಜಿನ ಮುಂದೆ ಕೂತು ಏನನ್ನೋ ಜೋಡಿಸುತ್ತಿರುವ ಚಿತ್ರಗಳನ್ನು ನೋಡಿ ಆದವನು. ಗೋಡೆ ಹತ್ತುವ ಶಕ್ತಿ ಜೇಡ ಕಚ್ಚಿದ್ದರಿಂದ ಬಂತು, ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ. ಬಲೆ ಮಾತ್ರ ಅವನದೇ ದುಡಿಮೆ. 1962ರಲ್ಲಿ ‘ಅಮೇಜಿಂಗ್ ಫ್ಯಾಂಟಸಿ’ಯ 15ನೇ ಸಂಚಿಕೆಗಾಗಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಪೀಟರ್ ಪಾರ್ಕರ್ ಎಂಬ ಈ ಹುಡುಗನನ್ನು ಸೃಷ್ಟಿಸಿದಾಗ ಅವನಿಗೆ ದುಡ್ಡು ಕೊಡಲಿಲ್ಲ, ಪ್ರಯೋಗಾಲಯ ಕೊಡಲಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ದೊಡ್ಡಮ್ಮ ಮೇ ಜೊತೆಗಿದ್ದ ಒಂದು ಮಾಮೂಲಿ ಮನೆ, ಅದರಲ್ಲೊಂದು ಕೋಣೆ, ವಿಜ್ಞಾನ ಓದಿದ ತಲೆ, ಅಷ್ಟೇ. ಮುಂಗೈಗೆ ಕಟ್ಟಿಕೊಳ್ಳುವ ಯಂತ್ರ, ಅದಕ್ಕೆ ಅಂಟಿನ ಡಬ್ಬಿಗಳು, ಅಂಗೈ ಮೇಲಿನ ಗುಂಡಿಯನ್ನು ನಡುವಿನ ಎರಡು ಬೆರಳಿನಿಂದ ಒತ್ತಿದರೆ ಚಿಮ್ಮುವ ಎಳೆ. ಆ ಎಳೆ ಒಂದು ಗಂಟೆಯೊಳಗೆ ಕರಗಿಹೋಗುತ್ತದೆ. ಒಮ್ಮೆ ಪೀಟರ್ ಪಾರ್ಕರ್ ಮನೆಖರ್ಚಿಗೆ ದಾರಿಯಾದೀತೆಂದು ಈ ಅಂಟನ್ನು ಮಾರಲು ಹೋಗುತ್ತಾನೆ. ಗಂಟೆಗೆ ಕರಗುವ ಅಂಟು ಯಾರಿಗೆ ಬೇಕು ಎಂದು ಕಂಪನಿಯವರು ಸಾಗಹಾಕುತ್ತಾರೆ. ಆ ಪುಟ ಓದಿದ ದಿನ ನನಗೆ ಆದ ಸಂಕಟ, ಅವನು ವೈರಿಗಳ ಕೈಲಿ ಏಟು ತಿಂದಾಗಲೂ ಆಗಿರಲಿಲ್ಲ.

ಇದೇ ಮೇಜಿನ ಮೇಲೆ ಹುಟ್ಟಿದ ಇನ್ನೊಂದು ವಸ್ತು ‘ಸ್ಪೈಡರ್ ಟ್ರೇಸರ್’. 1964ರ ಏಪ್ರಿಲ್ ಎಂದು ಅಚ್ಚಾದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 11ನೇ ಸಂಚಿಕೆಯಲ್ಲಿ ಇದು ಮೊದಲು ಬರುತ್ತದೆ. ಜೇಡನ ಆಕಾರದ ಪುಟ್ಟ ಬಿಲ್ಲೆ, ಒಳಗೆ ರೇಡಿಯೊ. ಯಾವುದಕ್ಕೆ ಅಂಟಿಸಿದರೆ ಅದು ಎಲ್ಲಿ ಹೋಯಿತೆಂದು ಹಿಂಬಾಲಿಸಿ ಕಂಡುಕೊಳ್ಳಬಹುದು. ಮೊದಲ ಬಾರಿ ಅವನು ಅದನ್ನು ಅಂಟಿಸಿದ್ದು ಒಂದು ಕಾರಿಗೆ. ಜೈಲಿನಿಂದ ಬಿಡುಗಡೆಯಾಗಿ ಹೊರಬಂದ ವೈರಿ ಡಾಕ್ಟರ್ ಆಕ್ಟೋಪಸ್ ಹತ್ತಿಕೊಂಡ ಕಾರು ಅದು. ಆಗಿನ್ನೂ ಟ್ರಾನ್ಸಿಸ್ಟರ್ ಎಂಬುದು ಜನರ ಬಾಯಲ್ಲಿ ಮಂತ್ರದಂತಿದ್ದ ಕಾಲ. ಸ್ಪೈಡರ್‌ಮ್ಯಾನ್‌ನ ಪ್ರಕಾಶಕರಾದ ಮಾರ್ವೆಲ್‌ನವರೇ 1963ರಲ್ಲಿ ತಂದ ಐರನ್‌ಮ್ಯಾನ್‌ನ ಉಕ್ಕಿನ ಅಂಗಿಯೆಲ್ಲ ಟ್ರಾನ್ಸಿಸ್ಟರ್ ಬಲದಿಂದಲೇ ನಡೆಯುತ್ತಿತ್ತು. ಬಿಲ್ಲೆಯೊಳಗೆ ರೇಡಿಯೊ ಹಿಡಿಸಿದರೆ ಓದುವ ಹುಡುಗರು ತಕರಾರು ತೆಗೆಯುತ್ತಿರಲಿಲ್ಲ.

ಹದಿಮೂರು ವರ್ಷ ಕಳೆಯಿತು. 1977ರ ಜನವರಿ 3ರಿಂದ ಸ್ಪೈಡರ್‌ಮ್ಯಾನ್ ಅಮೆರಿಕದ ದಿನಪತ್ರಿಕೆಗಳಲ್ಲಿ ದಿನಕ್ಕೊಂದು ಚಿತ್ರಕಥೆಯ ಪಟ್ಟಿಯಾಗಿ ಬರತೊಡಗಿದ. ಬರೆಯುವವರು ಸ್ಟ್ಯಾನ್ ಲೀ, ಚಿತ್ರ ಜಾನ್ ರೊಮಿಟಾ ಅವರದು. ಆ ಪಟ್ಟಿಯ ಒಂದು ಕಥೆಯಲ್ಲಿ ಕಿಂಗ್‌ಪಿನ್ ಎಂಬ ಬೆಟ್ಟದಂಥ ಮೈಯ ಪಾತಕಿ ಸ್ಪೈಡರ್‌ಮ್ಯಾನ್‌ನ ಮುಂಗೈಗೆ ಒಂದು ಕಡಗ ತೊಡಿಸುತ್ತಾನೆ. ಅದು ಎಲೆಕ್ಟ್ರಾನಿಕ್ ಕಡಗ. ಹುಡುಗ ಎಲ್ಲಿಗೆ ಹೋದರೂ ಕಿಂಗ್‌ಪಿನ್‌ಗೆ ಗೊತ್ತಾಗುತ್ತದೆ. ಹೀಗೆ, ಕಂಡವರ ಬೆನ್ನಿಗೆ ಬಿಲ್ಲೆ ಅಂಟಿಸಿಕೊಂಡು ಬಂದವನ ಕೈಗೇ ಬಿಲ್ಲೆ ಅಂಟಿತು.

ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಊರಿನಲ್ಲಿ ಈ ಪಟ್ಟಿಯನ್ನು ಓದಿದವರಲ್ಲಿ ಜ್ಯಾಕ್ ಲವ್ ಎಂಬ ಜಿಲ್ಲಾ ನ್ಯಾಯಾಧೀಶರೂ ಒಬ್ಬರು. ಉಳಿದ ಓದುಗರು ಮಾರನೇ ದಿನದ ಪಟ್ಟಿಗೆ ಕಾದರು. ಈ ನ್ಯಾಯಾಧೀಶರು ಅದನ್ನು ಕತ್ತರಿಸಿ ಇಟ್ಟುಕೊಂಡರು. ದನಕರುಗಳಿಗೆ, ಸರಕಿಗೆ ಕಟ್ಟುವ ಗುರುತಿನ ಬಿಲ್ಲೆಗಳ ಬಗ್ಗೆ ಎಲ್ಲಿ ಬರಹ ಸಿಕ್ಕರೂ ಅದನ್ನೂ ಜೊತೆಗೆ ಸೇರಿಸಿದರು. ಎಲ್ಲವನ್ನೂ ಒಟ್ಟು ಮಾಡಿ ರಾಜ್ಯದ ಬಂದೀಖಾನೆ ಇಲಾಖೆಗೆ ಕಳಿಸಿ, ಕೈದಿಗಳಿಗೆ ಹೀಗೊಂದನ್ನು ಮಾಡಬಾರದೇಕೆ ಎಂದು ಕೇಳಿದರು. ಇಲಾಖೆಗೆ ಅದು ರುಚಿಸಲಿಲ್ಲ.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ 1980ರ ಫೆಬ್ರವರಿ 2ರಂದು ಸಾಂಟಾ ಫೆ ಬಳಿಯ ರಾಜ್ಯ ಸೆರೆಮನೆಯಲ್ಲಿ ದಂಗೆ ಎದ್ದಿತು. ಹಿಡಿಸಲಾರದಷ್ಟು ಜನರನ್ನು ತುಂಬಿದ್ದ ಸೆರೆಮನೆ ಅದು. ಒಂದೂವರೆ ದಿನದಲ್ಲಿ 33 ಕೈದಿಗಳು ಸತ್ತರು, ಕೊಂದವರೂ ಜೊತೆಯ ಕೈದಿಗಳೇ. ಅಮೆರಿಕದ ಸೆರೆಮನೆಗಳ ಚರಿತ್ರೆಯಲ್ಲೇ ಅತಿ ಭೀಕರ ಘಟನೆಗಳಲ್ಲಿ ಇದೊಂದು. ಸಣ್ಣ ತಪ್ಪಿಗೆ ಒಬ್ಬನನ್ನು ಅಂಥ ಜಾಗಕ್ಕೆ ಕಳಿಸುವ ಕಾಗದಕ್ಕೆ ಸಹಿ ಹಾಕಬೇಕಾದವರು ಜ್ಯಾಕ್ ಲವ್. ಜೈಲಿಗೂ ಪೂರ್ತಿ ಬಿಡುಗಡೆಗೂ ನಡುವೆ ಏನಾದರೂ ಒಂದು ಇರಬೇಕು ಎಂಬುದು ಅವರಿಗೆ ಬರೀ ವಿಚಾರವಾಗಿ ಉಳಿಯಲಿಲ್ಲ. ಪಾತಕಿಯ ಕಡಗದಲ್ಲಿ ಅವರಿಗೆ ದಯೆ ಕಂಡದ್ದು ಹೀಗೆ. ಕಥೆಯನ್ನು ತಲೆಕೆಳಗಾಗಿ ಓದಿದರು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಥೆಗಾರ ಎಂದೂ ನೋಡಿರದ ಜೈಲನ್ನು ಅವರು ನೋಡಿದ್ದರು.

ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಕಿವಿಗೊಟ್ಟವನು ಮೈಕಲ್ ಗಾಸ್ ಎಂಬ ಕಂಪ್ಯೂಟರ್ ಮಾರಾಟಗಾರ. ಇದ್ದ ಕೆಲಸ ಬಿಟ್ಟು ಈ ಕಡಗಕ್ಕಾಗಿಯೇ ಸ್ವಂತ ಕಂಪನಿ ತೆರೆದ. ಹೆಸರು ‘ನಿಮ್ಕಾಸ್’. ಉಪಕರಣಕ್ಕೆ ತನ್ನ ಹೆಸರನ್ನೇ ಸೇರಿಸಿ ‘ಗಾಸ್‌ಲಿಂಕ್’ ಎಂದ. ಸಿಗರೇಟ್ ಪ್ಯಾಕಿನಷ್ಟು ಗಾತ್ರದ ಡಬ್ಬಿ, ಮುಂಗೈಯ ಬದಲು ಕಾಲಿನ ಹರಡಿನ ಮೇಲೆ ಪಟ್ಟಿಯಿಂದ ಬಿಗಿಯುವಂಥದ್ದು. ಒಳಗಿನ ರೇಡಿಯೊ ಸ್ವಲ್ಪ ಸ್ವಲ್ಪ ಹೊತ್ತಿಗೆ ‘ಇದ್ದೇನೆ’ ಎಂದು ಸಂಕೇತ ಕಳಿಸುತ್ತಿರುತ್ತದೆ. ಮನೆಯ ಟೆಲಿಫೋನಿಗೆ ಜೋಡಿಸಿದ ಪೆಟ್ಟಿಗೆ ಅದನ್ನು ಕೇಳಿಸಿಕೊಳ್ಳುತ್ತದೆ. ಹಾಕಿಕೊಂಡವನು ಮನೆಯಿಂದ ಹತ್ತಾರು ಮೀಟರ್ ದೂರ ಹೋದರೆ ಸಂಕೇತ ಕ್ಷೀಣಿಸಿ ನಿಂತುಬಿಡುತ್ತದೆ, ಪೆಟ್ಟಿಗೆ ತಾನಾಗಿಯೇ ಫೋನ್ ತಿರುಗಿಸಿ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು, ಫೋನನ್ನು ಹಾಲ್‌ನಲ್ಲೇ ಬಿಟ್ಟು ಹಿತ್ತಿಲಿಗೆ ಹೋದಾಗ ಹಾಡು ಕಡಿದು ಕಡಿದು ನಿಲ್ಲುತ್ತದಲ್ಲ, ತತ್ವ ಅದೇ. ಮನುಷ್ಯ ಎಲ್ಲಿದ್ದಾನೆ ಎಂಬುದು ಅದಕ್ಕೆ ಗೊತ್ತಿಲ್ಲ. ಮನೆಯಲ್ಲಿಲ್ಲ ಎಂಬುದಷ್ಟೇ ಗೊತ್ತು. ಎಲ್ಲಿ ಹೋದರೂ ಬೆನ್ನು ಬಿಡದ ಜಿಪಿಎಸ್ ಬಂದದ್ದು ಆಮೇಲೆ, 1990ರ ದಶಕದಲ್ಲಿ.

ಡಬ್ಬಿ ಸಿದ್ಧವಾದ ಮೇಲೆ ಜ್ಯಾಕ್ ಲವ್ ಅದನ್ನು ಮೊದಲು ತಮ್ಮ ಕಾಲಿಗೇ ಬಿಗಿದುಕೊಂಡರು. ಮೂರು ವಾರ.

ಈ ಮೂರು ವಾರಗಳ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ಶಿಕ್ಷೆ ಕೊಡುವ ಅಧಿಕಾರವಿದ್ದವರು ಶಿಕ್ಷೆಯ ಭಾರ ಎಷ್ಟೆಂದು ತಮ್ಮ ಮೈಮೇಲೆ ತೂಗಿ ನೋಡಿದ ಉದಾಹರಣೆ ನಾನು ಹೆಚ್ಚು ಕಂಡಿಲ್ಲ. ಮಲಗಿದಾಗ ಒತ್ತುವ, ಸಾಕ್ಸ್‌ನೊಳಗೆ ಉಬ್ಬಿ ಕಾಣುವ ಒಂದು ಡಬ್ಬಿ, ಅದರ ಮೇಲೆ ನ್ಯಾಯಾಧೀಶರ ನಿಲುವಂಗಿ! ಸ್ಟ್ಯಾನ್ ಲೀ ಬರೆದಿದ್ದರೂ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲವೇನೋ. 1983ರ ವಸಂತದಲ್ಲಿ, ಪ್ರೊಬೇಷನ್ ನಿಯಮ ಮುರಿದ ಮೂವತ್ತರ ಆಸುಪಾಸಿನ ಒಬ್ಬನಿಗೆ ಅವರು ಜೈಲಿನ ಬದಲು ಕಡಗ ತೊಡಿಸಿದರು. ಆಮೇಲೆ ಬೆರಳೆಣಿಕೆಯಷ್ಟು ಜನರಿಗೆ.

ಮನುಷ್ಯನ ಮೈಗೆ ರೇಡಿಯೊ ಕಟ್ಟುವ ಯೋಚನೆ ಅವರೇ ಮೊದಲು ಮಾಡಿದ್ದೇನಲ್ಲ. 1960ರ ದಶಕದಲ್ಲೇ ಹಾರ್ವರ್ಡ್‌ನಲ್ಲಿ ರಾಲ್ಫ್ ಮತ್ತು ರಾಬರ್ಟ್ ಶ್ವಿಟ್ಸ್‌ಗೇಬಲ್ ಎಂಬ ಅವಳಿ ಸಹೋದರರು ಇಂಥದ್ದನ್ನು ಕಟ್ಟಿದ್ದರು. ಕ್ಷಿಪಣಿಗಳ ಜಾಡು ಹಿಡಿಯಲು ಸೇನೆ ಬಳಸಿ ಬಿಟ್ಟ ಸಾಮಾನು ತಂದು, ತಪ್ಪು ದಾರಿ ಹಿಡಿದ ಹುಡುಗರಿಗೆ ಹೊರಲು ಕೊಟ್ಟರು. 1969ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಅವರ ಆಸೆ ಬೇರೆಯದೇ ಇತ್ತು. ಹುಡುಗ ಹೇಳಿದ ಹೊತ್ತಿಗೆ ಕೆಲಸಕ್ಕೋ ಶಾಲೆಗೋ ಬಂದನೆಂದು ಸಂಕೇತ ಹೇಳಿದರೆ ಅವನಿಗೊಂದು ಬಹುಮಾನ: ಪುಕ್ಕಟೆ ಕ್ಷೌರ, ಒಂದು ಪಿಜ್ಜಾ. ‘ಸಿಕ್ಕಿಬಿದ್ದೆ’ ಎನ್ನಲಿಕ್ಕಲ್ಲ, ‘ಭೇಷ್’ ಎನ್ನಲಿಕ್ಕೆ ಕಟ್ಟಿದ ರೇಡಿಯೊ ಅದು. ಯಾರೂ ಕೊಳ್ಳಲಿಲ್ಲ. ಶಿಕ್ಷೆಗೆ ಸಿಗುವಷ್ಟು ಗಿರಾಕಿ ಮೆಚ್ಚುಗೆಗೆ ಸಿಗಲಿಲ್ಲವೆಂಬುದು ಈ ಕಥೆಯಲ್ಲಿ ನನಗೆ ಬಹಳ ನೋವು ಕೊಡುವ ಭಾಗ.

ಗಾಸ್‌ನ ಕಂಪನಿಯೂ ಬಹಳ ದಿನ ನಿಲ್ಲಲಿಲ್ಲ. ಅವನ ಕೆಲಸ ಕೊಲೊರಾಡೊದ ‘ಬಿಐ’ ಎಂಬ ಕಂಪನಿಯ ಕೈ ಸೇರಿತು. ಆ ಕಂಪನಿ 1978ರಲ್ಲಿ ಶುರುವಾದದ್ದು ಹಾಲು ಕರೆಯುವ ಹಸುಗಳಿಗೆ ಬಿಲ್ಲೆ ಕಟ್ಟಲು! ಯಾವ ಹಸು ಮೇವಿನ ತೊಟ್ಟಿಗೆ ಬಂತೆಂದು ಯಂತ್ರ ಗುರುತಿಸಿ, ಅದಕ್ಕೆ ಸಲ್ಲಬೇಕಾದಷ್ಟೇ ಮೇವು ಹಾಕುವ ಏರ್ಪಾಟು. ನಮ್ಮ ಮಲೆನಾಡಿನಲ್ಲಿ ಕಾಡಿಗೆ ಮೇಯಲು ಬಿಡುವ ದನದ ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರು. ಸಂಜೆ ಕತ್ತಲಾದರೂ ಹಟ್ಟಿಗೆ ಬಾರದಿದ್ದರೆ ಆ ಸದ್ದು ಹಿಡಿದುಕೊಂಡು ಹುಡುಕಬೇಕು. ಕೊರಳಿನ ಗಂಟೆ ಕಾಲಿನ ಕಡಗವಾಗಲು ಇಷ್ಟು ಸುತ್ತು ಬೇಕಾಯಿತು. ಜೈಲು ನಡೆಸುವುದನ್ನೇ ವ್ಯಾಪಾರ ಮಾಡಿಕೊಂಡ ‘ಜಿಯೊ ಗ್ರೂಪ್’ 2011ರಲ್ಲಿ ಬಿಐಯನ್ನು ಕೊಂಡಾಗ ಕೊಟ್ಟ ಬೆಲೆ 41.5 ಕೋಟಿ ಡಾಲರ್.

ಆಮೇಲಿನದು ಲೆಕ್ಕ. ‘ಪ್ಯೂ’ ಎಂಬ ಅಧ್ಯಯನ ಸಂಸ್ಥೆಯ ಎಣಿಕೆಯಂತೆ ಅಮೆರಿಕದಲ್ಲಿ 2005ರಲ್ಲಿ ಸುಮಾರು 53,000 ಇದ್ದ ಇಂಥ ಉಪಕರಣಗಳು 2015ರ ಹೊತ್ತಿಗೆ 1,25,000 ದಾಟಿದ್ದವು. ಇಂಗ್ಲೆಂಡ್ 1989ರಲ್ಲೇ ಪ್ರಯೋಗ ಮಾಡಿತ್ತು. ಜೈಲಿಗೆ ಬದಲಾಗಿ ಹುಟ್ಟಿದ ಕಡಗ ಎಷ್ಟೋ ಕಡೆ ಜೈಲಿನ ಮೇಲೊಂದು ಹೆಚ್ಚುವರಿಯಾಯಿತು. ಮೊದಲಾಗಿದ್ದರೆ ಸುಮ್ಮನೆ ಮನೆಗೆ ಕಳಿಸುತ್ತಿದ್ದವರಿಗೂ ತೊಡಿಸತೊಡಗಿದರು. ಅನೇಕ ಕಡೆ ಅದರ ದಿನಬಾಡಿಗೆಯನ್ನು ಹಾಕಿಕೊಂಡವರೇ ಕಟ್ಟಬೇಕು. ಜಿಪಿಎಸ್ ಕಡಗಕ್ಕೆ ಚಾರ್ಜ್ ಬೇಡವೇ? ಕಾಲಿನಲ್ಲಿರುವುದನ್ನು ಬಿಚ್ಚುವ ಹಾಗಿಲ್ಲ. ಗೋಡೆಯ ಸ್ವಿಚ್‌ಬೋರ್ಡಿನಿಂದ ವಯರು ಎಳೆದು ಕಾಲಿಗೆ ಸಿಕ್ಕಿಸಿಕೊಂಡು, ಬ್ಯಾಟರಿ ತುಂಬುವ ತನಕ ಮನುಷ್ಯ ಆ ಗೋಡೆಯ ಪಕ್ಕದಲ್ಲೇ ಕೂತಿರಬೇಕು. ರೊಮಿಟಾ ಅವರ ಯಾವ ಚೌಕದಲ್ಲೂ ಈ ಚಿತ್ರ ಇರಲಿಲ್ಲ.

ಕಡಗ ನಮ್ಮಲ್ಲಿಗೂ ಬಂದಿದೆ. 2023ರ ನವೆಂಬರ್‌ನಲ್ಲಿ ಜಮ್ಮು-ಕಾಶ್ಮೀರ ಪೊಲೀಸರು ಜಾಮೀನಿನ ಮೇಲೆ ಹೊರಬಂದ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಆರೋಪಿಯೊಬ್ಬರಿಗೆ ಜಿಪಿಎಸ್ ಕಾಲ್ಕಡಗ ತೊಡಿಸಿದರು. ದೇಶದಲ್ಲಿ ಅದೇ ಮೊದಲೆಂದು ವರದಿಯಾಯಿತು. ನಮ್ಮ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ತೀರ್ಪೇ ಆಗದ ವಿಚಾರಣಾಧೀನರು. ಠಾಣೆಗೆ ವಾರವಾರ ಹೋಗಿ ಸಹಿ ಹಾಕುವ ಷರತ್ತಿಗಿಂತ ಕಾಲಿಗೊಂದು ಕಡಗ ಕಟ್ಟಿ ಮನೆಗೆ ಕಳಿಸಿದರೆ ಒಳ್ಳೆಯದಲ್ಲವೇ ಎಂದರೆ, ಜ್ಯಾಕ್ ಲವ್ ಅವರ ಕಣ್ಣಿನಿಂದ ನೋಡಿದಾಗ ನನಗೂ ಹೌದೆನ್ನಿಸುತ್ತದೆ.

ಆದರೆ ಇದಕ್ಕೆ ಇನ್ನೊಬ್ಬ ನ್ಯಾಯಾಧೀಶರ ಕಣ್ಣೂ ಇದೆ. ಅವರು ಬೆಂಗಳೂರಿನವರು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಇವತ್ತಿಗೂ ಆ ತೀರ್ಪನ್ನು ವಕೀಲರು ಕರೆಯುವುದು ‘ಪುಟ್ಟಸ್ವಾಮಿ’ ಎಂದೇ. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ 8ರಂದು ಸುಪ್ರೀಂ ಕೋರ್ಟು ಒಂದು ಜಾಮೀನಿನ ಷರತ್ತಿನ ಬಗ್ಗೆ ತೀರ್ಪು ಕೊಟ್ಟಿತ್ತು: ಆರೋಪಿ ಎಲ್ಲಿದ್ದಾನೆಂದು ತನಿಖಾಧಿಕಾರಿಗೆ ತಿಳಿಯುವಂತೆ ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಬೇಕು. ಹಾಗೆ ಪಿನ್ ಹಾಕಿದ ಮಾತ್ರಕ್ಕೆ ಓಡಾಟವೆಲ್ಲ ಕಾಣುವುದಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂತು. ಕಂಡರೂ ಕಾಣದಿದ್ದರೂ, ಜಾಮೀನು ಪಡೆದವನ ಬೆನ್ನ ಹಿಂದೆ ಸದಾ ಇಣುಕುವ ಷರತ್ತನ್ನು ಹಾಕುವಂತಿಲ್ಲ ಎಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಹೇಳಿದರು.

ಆಲ್ಬುಕರ್ಕಿಯ ನ್ಯಾಯಾಧೀಶರೂ ಬೆಂಗಳೂರಿನ ನ್ಯಾಯಾಧೀಶರೂ ಎದುರುಬದುರು ಕೂತು ಮಾತಾಡಿದ್ದರೆ ಹೇಗಿರುತ್ತಿತ್ತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜಗಳವಾಗುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಇಬ್ಬರಿಗೂ ಮನುಷ್ಯನ ಮೇಲೆ ಕಾಳಜಿ ಇತ್ತು. ಒಬ್ಬರು ಜೈಲಿನ ಗೋಡೆಗೆ ಹೆದರಿದ್ದರು, ಇನ್ನೊಬ್ಬರು ಗೋಡೆಯೇ ಇಲ್ಲದ ಜೈಲಿಗೆ.

ಈ ಲೇಖನ ಬರೆಯಲು ಕೂತಾಗ 1964ರ ಆ 11ನೇ ಸಂಚಿಕೆಯ ಮರುಮುದ್ರಣವನ್ನು ಮತ್ತೊಮ್ಮೆ ತೆಗೆದೆ. ಡಿಟ್ಕೊ ಅವರ ಗೆರೆಗಳಲ್ಲಿ ಪೀಟರ್ ಬಹಳ ಎಳೆಯ ಹುಡುಗ. ತನ್ನ ಕೈಯಾರೆ ಮಾಡಿದ ಬಿಲ್ಲೆಯ ಮೇಲೆ ಅವನಿಗೆ ಅಪಾರ ನಂಬಿಕೆ. ವೈರಿ ಹತ್ತಿದ ಕಾರಿಗೆ ಅದನ್ನು ಅಂಟಿಸುತ್ತಾನೆ, ಸಂಕೇತ ಸರಿಯಾಗಿಯೇ ಬರುತ್ತದೆ, ಜಾಡು ಹಿಡಿದು ಫಿಲಡೆಲ್ಫಿಯಾದವರೆಗೂ ಹೋಗುತ್ತಾನೆ. ಉಪಕರಣದಲ್ಲಿ ಒಂದಿಷ್ಟೂ ದೋಷವಿಲ್ಲ. ಆದರೆ ಆ ಕಾರು ಓಡಿಸುತ್ತಿದ್ದವಳು ಅವನು ಪ್ರೀತಿಸುತ್ತಿದ್ದ ಬೆಟ್ಟಿ ಬ್ರ್ಯಾಂಟ್. ಸಹೋದರನ ಸಂಕಟಕ್ಕಾಗಿ ಅವಳು ಆ ಕೆಲಸಕ್ಕೆ ಇಳಿದಿದ್ದಳು, ಅದನ್ನು ಪೀಟರ್‌ಗೆ ಹೇಳಿರಲಿಲ್ಲ. ಬಿಲ್ಲೆ ಹೇಳಿತು. ಚಿಕ್ಕಂದಿನಲ್ಲಿ ಈ ಪುಟಗಳಲ್ಲಿ ನನಗೆ ಕಂಡದ್ದು ಬಿಲ್ಲೆ ಮಾತ್ರ. ಈ ಸಲ ಸ್ಟೀರಿಂಗ್ ಹಿಡಿದು ಕೂತ ಬೆಟ್ಟಿಯ ಮುಖದಿಂದ ಕಣ್ಣು ಕೀಳಲಾಗಲಿಲ್ಲ.