ಮಂದಿ ಎಲ್ಲಿ ಏಳುತ್ತಾರೆ?

ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ ಕಡೆ ರಾತ್ರಿ ಬಸ್ಸಿಗೆ ಕಾದು ನಿಂತವರಿಗೆ ಮೊದಲು ಹಾಡು ಕೇಳಿಸುತ್ತದೆ, ಟ್ರ್ಯಾಕ್ಟರ್ ಆಮೇಲೆ ಕಾಣಿಸುತ್ತದೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಯ ದಾರಿ ಹಿಡಿದ ಗಾಡಿ; ಡ್ರೈವರ್ ಸೀಟಿನ ಹಿಂದೆ ಆಳೆತ್ತರದ ಸ್ಪೀಕರ್; ಅದರಲ್ಲಿ ‘ಜಾನಪದ’ ಎಂದು ಈ ಭಾಗದವರು ಕರೆಯುವ ಆಲ್ಬಂ ಹಾಡು. ವಿದ್ವಾಂಸರ ಜಾನಪದಕ್ಕೂ ಇದಕ್ಕೂ ನಂಟು ಕಡಿಮೆ. ಹೊಸದಾಗಿ ಬರೆದು, ಹತ್ತಿರದ ಪಟ್ಟಣದ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿ, ಹೊಲ, ಗುಡ್ಡ, ಹೊಳೆದಂಡೆಯಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಏರಿಸಿದ ಹಾಡುಗಳಿವು. ಪಕ್ಕದ ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ‘ನಾ ಡ್ರೈವರಾ’ ಹಾಡಿನಿಂದ ನಾಡಿಗೆಲ್ಲ ಪರಿಚಯವಾದ ಮೇಲಂತೂ ಅರಭಾವಿ ಸುತ್ತಿನ ಕಾಲೇಜು ಹುಡುಗರಿಗೆ ಇದು ದೂರದ ಕನಸಾಗಿ ಉಳಿದಿಲ್ಲ. ಕಾಲೇಜಿನ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್, ಬಂತೆಂದರೆ ಒಂದು ಹಾಡು ಬರೆದು, ಒಂದು ಮೊಬೈಲಿನಲ್ಲಿ ಶೂಟ್ ಮಾಡಿ, ಇನ್ನೊಂದು ಮೊಬೈಲಿನಲ್ಲಿ ಎಡಿಟ್ ಮಾಡಿ ತೋರಿಸುವ ಗುಂಪು ಯಾವುದಾದರೂ ತರಗತಿಯಲ್ಲಿ ಇದ್ದೇ ಇರುತ್ತದೆ.

ಶೂಟ್ ಮಾಡುವುದು ಹೇಗೆಂದು ಈ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದ್ದು ಅದರ ನಂತರದ ಕೆಲಸದ ಬಗ್ಗೆ: ಹಸಿ ಎಡಿಟನ್ನು, ಅಂದರೆ ರಫ್ ಕಟ್ಟನ್ನು, ನಾಲ್ಕು ಮಂದಿಗೆ ತೋರಿಸಿ, ಅವರ ಮುಖ ನೋಡಿ, ತಿದ್ದಿ, ಮತ್ತೆ ತೋರಿಸುವುದು. ಸಿನಿಮಾ ಶಾಲೆಗಳಲ್ಲಿ ಇದು ಪಾಠದ ಭಾಗ. ನಮ್ಮಲ್ಲಿ ಬಹಳಷ್ಟು ಗುಂಪುಗಳು ಈ ಹಂತವನ್ನೇ ಹಾರಿಸಿ, ಬೆಳಗಿನ ಜಾವ ಮುಗಿದ ಎಡಿಟನ್ನು ಸೂರ್ಯ ಹುಟ್ಟುವ ಮೊದಲೇ ಅಪ್‌ಲೋಡ್ ಮಾಡಿಬಿಡುತ್ತವೆ.

ಆದರೆ ಈ ವಿದ್ಯೆ ಈ ಸೀಮೆಗೆ ಹೊರಗಿನದಲ್ಲ. ಈ ಭಾಗದ ಕುಲಗೋಡ, ಕೌಜಲಗಿ ಎಂದ ಕೂಡಲೇ ಹಿರಿಯರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಕುಲಗೋಡದ ತಮ್ಮಣ್ಣ ಅದನ್ನು ಬಯಲಿನ ಆಟವಾಗಿ ರೂಪಿಸಿದವನು. ಪಾರಿಜಾತವೆಂದರೆ ಕೌಜಲಗಿ ನಿಂಗಮ್ಮ ಎನ್ನುವಷ್ಟು ಹೆಸರು ಆಕೆಯದು. ಕಥೆ ಎಲ್ಲರಿಗೂ ಗೊತ್ತು: ನಾರದ ತಂದ ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಮುನಿದಳು, ಕೃಷ್ಣ ಕೊರವಂಜಿಯಾಗಿ ಬಂದ. ಗೊತ್ತಿರುವ ಕಥೆಯನ್ನೇ ಬೆಳತನಕ ನೋಡುವಂತೆ ಮಾಡುವುದರಲ್ಲಿ ಆಟದ ಗುಟ್ಟಿದೆ. ಹಾಡಿನ ಮಟ್ಟು ಗಟ್ಟಿ, ಮಾತು ಮಾತ್ರ ಸಡಿಲ. ಭಾಗವತ ಮಂದಿಯ ಪರವಾಗಿ ಪಾತ್ರಗಳನ್ನು ಪ್ರಶ್ನಿಸುತ್ತಾನೆ, ಕೆಣಕುತ್ತಾನೆ. ಮುಂದಿನ ಸಾಲಿನವರು ತೂಕಡಿಸುತ್ತಿದ್ದಾರೆ ಅನ್ನಿಸಿದರೆ ದೂತಿಯ ಜೊತೆ ನಾಲ್ಕು ಮಾತು ಹೆಚ್ಚಾಗುತ್ತದೆ, ಆ ಊರಿನದೇ ಸುದ್ದಿ ಮಾತಿನಲ್ಲಿ ನುಸುಳುತ್ತದೆ. ಮಂದಿ ತಲೆದೂಗುತ್ತಿದ್ದಾರೆಂದರೆ ಹಾಡನ್ನು ಇನ್ನೊಂದು ಸುತ್ತು ಎಳೆಯುತ್ತಾರೆ. ಮೆಚ್ಚಿದವರು ಎದ್ದುಬಂದು ಆಯೇರ ಕೊಡುತ್ತಾರೆ. ಕೊಟ್ಟವರ ಹೆಸರನ್ನು ಅಲ್ಲೇ ಕೂಗಲಾಗುತ್ತದೆ. ಹೀಗೆ ಒಂದೇ ಆಟ ಒಂದೊಂದು ಊರಲ್ಲಿ ಒಂದೊಂದು ಉದ್ದ, ಒಂದೊಂದು ರುಚಿ.

ಹರದೇಶಿ–ನಾಗೇಶಿ ಲಾವಣಿಯ ವಾದವೂ, ಜಾತ್ರೆಗಳಲ್ಲಿ ಇಂದಿಗೂ ನಡೆಯುವ ಡೊಳ್ಳಿನ ಪದದ ಸವಾಲ್–ಜವಾಬೂ ಇದೇ ಬಗೆ. ಎದುರು ಮೇಳದ ಸವಾಲಿಗೆ ಉತ್ತರ ಕೊಟ್ಟರಷ್ಟೇ ಸಾಲದು, ಕೂತ ಮಂದಿಗೆ ಅದು ಒಪ್ಪಿಗೆಯಾಗಬೇಕು. ಒಪ್ಪಿಗೆಯಾಗದ ಪದವನ್ನು ಮರುವರ್ಷ ಯಾರೂ ಹಾಡುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಆಟಗಳನ್ನು ಕಂಡು ಬೆಳೆದವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಸಂಶೋಧನೆ ಮಾಡಿದವರು. ಅವರೇ ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದದ್ದನ್ನು ಆಲ್ಬಂ ಮಾಡುವ ಹುಡುಗರಿಗೆ ನೆನಪಿಸಬೇಕು. ಹೊಳೆಸಾಲಿನ ಮಟ್ಟು ದಿಲ್ಲಿಯ ತನಕ ಹೋದದ್ದು ಮೊಬೈಲ್ ಬಂದಮೇಲಲ್ಲ.

ಭಾಗವತನಿಗೆ ಇದ್ದ ಒಂದು ಅನುಕೂಲ ವಿಡಿಯೊ ಮಾಡುವವನಿಗಿಲ್ಲ. ಆಟ ನಡೆಯುತ್ತಿರುವಾಗಲೇ ಅದನ್ನು ತಿದ್ದಬಹುದು; ವಿಡಿಯೊ ಒಮ್ಮೆ ಮುಗಿದರೆ ಮುಗಿಯಿತು. ಮಂದಿಯ ಮುಖ ನೋಡುವ ಕೆಲಸವನ್ನು ಬಿಡುಗಡೆಗೆ ಮೊದಲೇ, ಬೇಕೆಂದೇ ಏರ್ಪಾಡು ಮಾಡಿಕೊಳ್ಳಬೇಕಾದ್ದು ಅದಕ್ಕೇ.

ಏರ್ಪಾಡು ದೊಡ್ಡದೇನಲ್ಲ. ಹಾಡು ಪೂರ್ತಿಯಾಗಿದ್ದು, ಚಿತ್ರಗಳನ್ನು ಸುಮಾರಾಗಿ ಜೋಡಿಸಿಟ್ಟ ಒಂದು ಪ್ರತಿ ಸಾಕು. ಹೆಸರುಗಳು, ಬಣ್ಣ ತಿದ್ದುವುದು, ನಿಧಾನ ಚಲನೆಯ ಚಮತ್ಕಾರ ಯಾವುದೂ ಬೇಡ. ಅವು ಇದ್ದರೆ ನೋಡುವವರು ಅವನ್ನೇ ಹೊಗಳುತ್ತಾರೆ, ನಿಮಗೆ ಬೇಕಾದ್ದು ಸಿಗುವುದಿಲ್ಲ. ಒಬ್ಬೊಬ್ಬರನ್ನೇ ಅಥವಾ ಇಬ್ಬಿಬ್ಬರನ್ನು ಕೂರಿಸಿ. ಹತ್ತು ಮಂದಿ ಒಟ್ಟಿಗೆ ಕೂತರೆ ಮೊದಲು ಬಾಯಿ ತೆರೆದವನ ಮಾತೇ ಎಲ್ಲರ ಮಾತಾಗುತ್ತದೆ. ಕಥೆ ಮೊದಲೇ ಹೇಳಬೇಡಿ. “ಇಲ್ಲಿ ಅವ ಕನಸ ಕಾಣಾಕತ್ತಾನ್ರೀ” ಎಂದು ಪಕ್ಕದಲ್ಲಿ ಕೂತು ವಿವರಿಸಿದರಂತೂ ಆ ಪ್ರೇಕ್ಷಕ ಕೆಟ್ಟ ಹಾಗೆಯೇ. ನಾಳೆ ನೋಡುವ ಸಾವಿರ ಮಂದಿಯ ಪಕ್ಕದಲ್ಲಿ ನೀವು ಕೂತಿರುವುದಿಲ್ಲವಲ್ಲ.

ನೋಡುವಾಗ ನಿಮ್ಮ ಕಣ್ಣು ಪರದೆಯ ಮೇಲಿರಬಾರದು, ಅವರ ಮೇಲಿರಬೇಕು. ಎಲ್ಲಿ ಕಾಲು ತಾಳ ಹಾಕಿತು, ಎಲ್ಲಿ ನಿಂತಿತು, ಎಲ್ಲಿ ಬೇರೆ ಕಡೆ ನೋಡಿದರು, ಎಲ್ಲಿ ಬೆರಳು ವಿಡಿಯೊ ಮುಂದೆ ಓಡಿಸಲು ಹವಣಿಸಿತು ಎಂದು ನಿಮಿಷ–ಸೆಕೆಂಡು ಸಮೇತ ಬರೆದಿಟ್ಟುಕೊಳ್ಳಿ. ನಮ್ಮ ಕಡೆಯ ಮಂದಿ ಎದುರಿಗೆ ಕೂತ ಹುಡುಗನ ಮನಸ್ಸು ನೋಯಿಸುವವರಲ್ಲ. “ಹೆಂಗಾಗೇತ್ರಿ ಕಾಕಾ?” ಎಂದು ಕೇಳಿದರೆ “ಭಾರಿ ಆಗೇತೋ ತಮ್ಮಾ” ಎಂಬ ಉತ್ತರ ಖಚಿತ. ಆ ಉತ್ತರದಿಂದ ಒಂದು ಕಟ್ಟೂ ಬದಲಾಗುವುದಿಲ್ಲ. ಅದರ ಬದಲು “ಕಥಿ ಏನ ತಿಳೀತ್ರಿ, ನನಗ ಹೇಳ್ರಿ” ಎಂದು ಕೇಳಿ ನೋಡಿ. “ಹಾಡ ಚೊಲೊ ಐತಿ ಖರೆ, ಆ ಹುಡುಗಿ ಯಾಕ ಸಿಟ್ಟಾದ್ಲು ಅದ ತಿಳಿವಲ್ತು” ಅಂದರೆ ಅದು ಚಿನ್ನದಂಥ ಮಾತು. ಸಿಟ್ಟಿಗೆ ಕಾರಣವಾದ ದೃಶ್ಯ ನಿಮ್ಮ ತಲೆಯಲ್ಲಿದೆ, ವಿಡಿಯೊದಲ್ಲಿಲ್ಲ.

ಯಾರಿಗೆ ತೋರಿಸಬೇಕು ಎಂಬಲ್ಲಿ ಅರಭಾವಿಯಂಥ ಊರಿಗೆ ವಿಶೇಷ ಅನುಕೂಲವಿದೆ. ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯ ಇಲ್ಲಿದೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಾಲೇಜಿಗೆ ಸಿಇಟಿ ಮೂಲಕ ರಾಜ್ಯದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಗೋಕಾಕದ ಮಾತಿನಲ್ಲಿ ಬರೆದ ಹಾಡು ಮಂಡ್ಯದ ಹುಡುಗಿಗೆ, ಶಿರಸಿಯ ಹುಡುಗನಿಗೆ ಎಷ್ಟು ತಲುಪಿತು ಎಂದು ತಿಳಿಯಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಹಾಸ್ಟೆಲಿನ ಎರಡು ಬಾಗಿಲು ತಟ್ಟಿದರೆ ಸಾಕು. ತಿಳಿಯದ ಮಾತನ್ನು ತೆಗೆದುಹಾಕಿ ಎನ್ನುತ್ತಿಲ್ಲ; ಆ ಮಾತು ಬಂದಾಗ ಚಿತ್ರ ಅದರ ಅರ್ಥ ಹೇಳುವಂತಿರಲಿ.

ಇನ್ನೊಂದು ವರ್ಗವಿದೆ, ಅದನ್ನು ಈ ಗುಂಪುಗಳು ಸಾಮಾನ್ಯವಾಗಿ ಮರೆಯುತ್ತವೆ ಅಥವಾ ಮರೆತಂತೆ ನಟಿಸುತ್ತವೆ: ಮನೆಯ ಹೆಣ್ಣುಮಕ್ಕಳು. ಹಾಡು ಬರೆದವನು ಹುಡುಗ, ಎಡಿಟ್ ಮಾಡಿದವನು ಹುಡುಗ, ಮೊದಲು ನೋಡಿ ಸಿಳ್ಳೆ ಹಾಕಿದವರೂ ಹುಡುಗರೇ. ಹಾಡು ಮಾತ್ರ ಹುಡುಗಿಯ ಮೇಲೆ. ಇಬ್ಬಗೆಯ ಅರ್ಥದ ಸಾಲು, ಕೈಕೊಟ್ಟವಳಿಗೆ ಶಾಪ, ಹಿಂದೆ ಬಿದ್ದು ಒಲಿಸಿಕೊಳ್ಳುವ ಹಟ ಇವೆಲ್ಲ ಆಲ್ಬಂಗಳಲ್ಲಿ ಹೆಚ್ಚಾಗಿವೆ ಎಂಬ ದೂರು ಸುಳ್ಳಲ್ಲ. ಅಕ್ಕನಿಗೆ, ಚಿಗವ್ವನಿಗೆ, ಕ್ಲಾಸಿನ ಹುಡುಗಿಯರಿಗೆ ರಫ್ ಕಟ್ ತೋರಿಸಲು ಸಂಕೋಚವಾಯಿತೆಂದರೆ ಅವರಿಂದ ಉತ್ತರ ಬರುವ ಮೊದಲೇ ಉತ್ತರ ಸಿಕ್ಕಂತೆ. ನಟಿಸಿದ ಹುಡುಗಿಗಂತೂ ಕೊನೆಯ ಎಡಿಟ್ ತೋರಿಸದೆ, ಅವಳು ಹೂಂ ಎನ್ನದೆ ಅಪ್‌ಲೋಡ್ ಮಾಡುವುದು ಸಲ್ಲ. ವಿಡಿಯೊದ ಕೆಳಗೆ ಬಂದು ಬೀಳುವ ಮಾತುಗಳನ್ನು ಓದಬೇಕಾದವಳು ಅವಳು.

ಧ್ವನಿಯ ಪರೀಕ್ಷೆ ಬೇರೆಯೇ. ಸ್ಟುಡಿಯೊದ ಹೆಡ್‌ಫೋನಿನಲ್ಲಿ ಎಲ್ಲ ಹಾಡೂ ಚೆನ್ನ. ಅದೇ ಹಾಡು ಅಗ್ಗದ ಮೊಬೈಲ್ ಸ್ಪೀಕರಿನಲ್ಲಿ ಬಂದಾಗ ಡೊಳ್ಳಿನ ತಗ್ಗು ಪೆಟ್ಟು ಮಾಯವಾಗಿ ಹಲಗೆಯ ಚಟಚಟ ಮಾತ್ರ ಉಳಿಯುತ್ತದೆ. ಟ್ರ್ಯಾಕ್ಟರಿನ ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ಪೆಟ್ಟು ಎದೆಗೇ ಬಡಿದು ಸಾಹಿತ್ಯ ಮುಳುಗುತ್ತದೆ. ಪರಿಚಯದ ಡ್ರೈವರ್ ಅಣ್ಣನನ್ನು ಕೇಳಿಕೊಂಡು ಒಮ್ಮೆ ಟ್ರ್ಯಾಕ್ಟರಿನಲ್ಲಿ ಹಾಕಿಸಿ, ನೂರು ಹೆಜ್ಜೆ ದೂರ ನಿಂತು ಪಲ್ಲವಿಯ ಮಾತು ಕಿವಿಗೆ ಬಿತ್ತೇ ನೋಡಿ. ಮಿಕ್ಸಿಂಗ್ ಮಾಡುವವರಿಗೆ “ದನಿ ಸ್ವಲ್ಪ ಮುಂದ ತರ್ರಿ” ಎಂದು ಹೇಳಲು ಅದಕ್ಕಿಂತ ಗಟ್ಟಿ ಆಧಾರ ಬೇಡ.

ಜಾಗಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಗೋಕಾಕ ಫಾಲ್ಸು, ಗೊಡಚಿನಮಲ್ಕಿ, ಹಿಡಕಲ್ ಡ್ಯಾಂ ಮೂರೂ ಚೆಂದ. ಈ ಮೂರನ್ನೂ ಇಲ್ಲಿಯ ಪ್ರೇಕ್ಷಕ ಸಾಕಷ್ಟು ಹಾಡುಗಳಲ್ಲಿ ನೋಡಿಯಾಗಿದೆ. ನೀರು ಧುಮುಕುವ ಡ್ರೋನ್ ಶಾಟು ಬಂದ ಕೂಡಲೇ ನೋಡುವವನ ಗಮನ ಸಡಿಲವಾದರೆ ಬೇಸರಪಡದೆ ಕತ್ತರಿ ಹಾಕಿ.

ಇನ್ನು ಕೇಳಿದ್ದನ್ನೆಲ್ಲ ಮಾಡಬೇಕೇ? ಮಾಡಬಾರದು. ಮಂದಿ ನೋವು ಎಲ್ಲಿದೆ ಎಂದು ಸರಿಯಾಗಿ ತೋರಿಸುತ್ತಾರೆ, ಔಷಧ ಮಾತ್ರ ಅವರಿಗೆ ಗೊತ್ತಿರುವುದಿಲ್ಲ. “ನಡುವ ಬ್ಯಾಸರಾತು, ಒಂದ ಡ್ಯಾನ್ಸ್ ಹಾಕ್ರಿ” ಎಂದು ಮೂವರು ಹೇಳಿದರು ಎನ್ನೋಣ. ನಡುವೆ ಬೇಸರ ಎಂಬುದು ನಿಜ. ಡ್ಯಾನ್ಸ್ ಎಂಬುದು ಅವರ ಊಹೆ. ಎರಡನೆಯ ಚರಣದಲ್ಲಿ ಹೊಸದೇನೂ ನಡೆಯದಿರುವುದೇ ಕಾರಣವಾಗಿರಬಹುದು. ಅಲ್ಲಿಂದ ಇಪ್ಪತ್ತು ಸೆಕೆಂಡು ತೆಗೆದರೆ ಬೇಸರವೂ ಹೋಗುತ್ತದೆ, ಡ್ಯಾನ್ಸಿನ ಖರ್ಚೂ ಉಳಿಯುತ್ತದೆ.

ದೊಡ್ಡವರೂ ಈ ಇಕ್ಕಟ್ಟು ಕಂಡವರೇ. ಹಾಲಿವುಡ್ಡಿನ ಬಿಲ್ಲಿ ವೈಲ್ಡರ್ 1950ರಲ್ಲಿ ತೆರೆಕಂಡ ‘ಸನ್‌ಸೆಟ್ ಬುಲೆವಾರ್ಡ್’ ಚಿತ್ರವನ್ನು ಶವಾಗಾರದಲ್ಲಿ ಹೆಣಗಳು ಒಂದರೊಡನೊಂದು ಮಾತಾಡುವ ದೃಶ್ಯದಿಂದ ಶುರು ಮಾಡಿದ್ದ. ಬಿಡುಗಡೆಗೆ ಮೊದಲು ಇಲಿನಾಯ್ ರಾಜ್ಯದ ಇವಾನ್‌ಸ್ಟನ್ನಿನಲ್ಲಿ ತೋರಿಸಿದಾಗ ಗಂಭೀರವಾಗಿರಬೇಕಾದಲ್ಲಿ ಮಂದಿ ನಕ್ಕರು. ದೃಶ್ಯವನ್ನೇ ತೆಗೆದ. ಸತ್ತವನೇ ಕಥೆ ಹೇಳುವ ಉಪಾಯವನ್ನು ಮಾತ್ರ ಬಿಡಲಿಲ್ಲ. ಈಜುಕೊಳದಲ್ಲಿ ತೇಲುವ ಹೆಣದಿಂದ ಹೊಸ ಆರಂಭ ಕಟ್ಟಿದ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ ‘ಶೋಲೆ’ 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದಾಗ ಮೊದಲ ದಿನಗಳ ಪ್ರತಿಕ್ರಿಯೆ ತಣ್ಣಗಿತ್ತು. ಅಮಿತಾಭ್ ಪಾತ್ರ ಸಾಯದಂತೆ ಕೊನೆಯನ್ನು ಮತ್ತೆ ಚಿತ್ರಿಸುವ ಯೋಚನೆಯೂ ನಡೆಯಿತು. ಚಿತ್ರ ಮಾಡಿದವರು ಅವಸರ ಮಾಡದೆ ಕಾದರು. ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ಓಡಿತು. ಒಬ್ಬ ಕೇಳಿ ಗೆದ್ದ, ಇನ್ನೊಬ್ಬರು ಕೇಳದೆ ಗೆದ್ದರು ಎಂದು ಇದನ್ನು ಓದಿದರೆ ತಪ್ಪಾದೀತು. ಸಭಾಂಗಣ ತುಂಬ ಬೇಡದ ಕಡೆ ನಗು ಎದ್ದರೆ ಅದು ಸಾಕ್ಷಿ. ಗಲ್ಲಾಪೆಟ್ಟಿಗೆಯ ಮುಂದಿನ ಗುಸುಗುಸು ಸಾಕ್ಷಿಯಲ್ಲ.

ಬಿಡುಗಡೆಯ ಮೇಲೆ ಬರುವ ಸಾಕ್ಷಿಯೂ ಇದೆ. ಯೂಟ್ಯೂಬ್ ಸ್ಟುಡಿಯೊ ಎಂಬ ಆ್ಯಪಿನಲ್ಲಿ ಚಾನೆಲ್ ಮಾಲೀಕನಿಗೆ ಒಂದು ಗೆರೆಯ ನಕ್ಷೆ ಕಾಣುತ್ತದೆ. ಯಾವ ಸೆಕೆಂಡಿನಲ್ಲಿ ನೂರಕ್ಕೆ ಎಷ್ಟು ಮಂದಿ ಇನ್ನೂ ನೋಡುತ್ತಿದ್ದರು ಎಂಬುದರ ಲೆಕ್ಕ ಅದು. ಮೊದಲ ಮೂವತ್ತು ಸೆಕೆಂಡನ್ನು ಅದು ಪ್ರತ್ಯೇಕವಾಗಿಯೇ ತೋರಿಸುತ್ತದೆ. ಗೆರೆ ತಟ್ಟನೆ ಕುಸಿದ ಕಡೆ ಮಂದಿ ಬಿಟ್ಟುಹೋಗಿದ್ದಾರೆ ಅಥವಾ ಮುಂದೆ ಓಡಿಸಿದ್ದಾರೆ. ದಿಬ್ಬದಂತೆ ಎದ್ದ ಕಡೆ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ. ಬಹುಪಾಲು ಹುಡುಗರು ‘ಎಷ್ಟು ವ್ಯೂ ಆತು’ ಎಂಬುದನ್ನು ಗಂಟೆಗೊಮ್ಮೆ ನೋಡುತ್ತಾರೆ, ಈ ಗೆರೆಯನ್ನು ತೆರೆದು ನೋಡುವುದಿಲ್ಲ. ಗುಂಪಿನ ಹೆಸರು, ಕಾಲೇಜಿನ ಹೆಸರು, ಆಶೀರ್ವಾದ ಮಾಡಿದವರ ಹೆಸರು, ನಿರ್ಮಾಪಕ ಮಾವನ ಫೋಟೊ ಎಂದು ಆರಂಭದಲ್ಲೇ ಅರ್ಧ ನಿಮಿಷ ತಿನ್ನುವ ವಿಡಿಯೊಗಳ ಗೆರೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಾವನ ಫೋಟೊ ಕೊನೆಗೆ ಹಾಕಿ. ಅವರು ಅಲ್ಲಿಯವರೆಗೆ ನೋಡುತ್ತಾರೆ.

ಈ ನಕ್ಷೆ ಮುಂದಿನ ಹಾಡಿಗೆ ಪಾಠವಾಗಬಹುದು, ಈ ಹಾಡಿಗೆ ಹೆಚ್ಚು ನೆರವಾಗದು. ಯೂಟ್ಯೂಬಿನಲ್ಲಿ ಒಮ್ಮೆ ಏರಿಸಿದ ವಿಡಿಯೊದಿಂದ ಒಂದು ತುಂಡನ್ನು ಕತ್ತರಿಸಿ ತೆಗೆಯಲು ಬರುತ್ತದೆ, ಒಂದು ಭಾಗವನ್ನು ಮಸುಕು ಮಾಡಲು ಬರುತ್ತದೆ. ಅದೇ ಲಿಂಕಿನಲ್ಲಿ ತಿದ್ದಿದ ಹೊಸ ವಿಡಿಯೊ ಕೂರಿಸಲು ಬರುವುದಿಲ್ಲ. ಮತ್ತೆ ಏರಿಸಿದರೆ ವ್ಯೂ ಲೆಕ್ಕ ಸೊನ್ನೆಯಿಂದ ಶುರು. ಈ ಸಲದ ಗ್ಯಾದರಿಂಗಿಗೆ ಹಾಡು ಮಾಡುತ್ತಿರುವವರು ಎಡಿಟ್ ಮುಗಿಯುವ ತಾರೀಕನ್ನು ಒಂದು ವಾರ ಹಿಂದಕ್ಕೆ ತಂದುಕೊಳ್ಳಿ, ಆ ವಾರವನ್ನು ಮಂದಿಗೆ ತೋರಿಸಿ ತಿದ್ದಲು ಇಟ್ಟುಕೊಳ್ಳಿ.