ಸುಳಿ ನೋಡಿ ಮೋಟಾರು ಕೊಳ್ಳುವವರು

ಜಾತ್ರೆಯಲ್ಲಿ ಎತ್ತನ್ನು ಕೊಳ್ಳಹೋದ ರೈತನು ಮೊದಲು ಅದರ ಹಲ್ಲನ್ನು ನೋಡುವನು, ಗೊರಸನ್ನು ತಟ್ಟಿ ಪರೀಕ್ಷಿಸುವನು, ಕಡೆಯಲ್ಲಿ ಮೈಮೇಲಿನ ಸುಳಿಗಳನ್ನು ಹುಡುಕುವನು. ಹಲ್ಲಿಗೂ ಗೊರಸಿಗೂ ಉಳುಮೆಯೊಡನೆ ಸಂಬಂಧವುಂಟು. ಸುಳಿಗೆ ಅಂಥ ಸಂಬಂಧವೇನೂ ಇಲ್ಲ. ಆದರೂ ಒಂದು ಸುಳಿಯ ದೆಸೆಯಿಂದ ಎತ್ತಿನ ಕ್ರಯವು ಏರುವುದೂ ಇಳಿಯುವುದೂ ಉಂಟೆಂಬುದನ್ನು ನಮ್ಮ ವಾಚಕರು ಬಲ್ಲರು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ‘ಮಸಲ್ ಕಾರು’ ಎಂದು ಕರೆಯಲ್ಪಡುವ ಹಳೆಯ ಮೋಟಾರುಗಳ ವ್ಯಾಪಾರವು ಇಂದು ಈ ಸುಳಿಶಾಸ್ತ್ರವನ್ನೇ ಬಹುಮಟ್ಟಿಗೆ ಹೋಲುತ್ತಿರುವುದು. ಓಟದಲ್ಲಿಯೂ ರೂಪದಲ್ಲಿಯೂ ಒಂದಕ್ಕೊಂದು ಭೇದವಿಲ್ಲದ ಎರಡು ಗಾಡಿಗಳಲ್ಲಿ ಒಂದಕ್ಕೆ ಮತ್ತೊಂದರ ಇಮ್ಮಡಿ ಹಣ ಬರುವುದು. ಕಾರಣವೇನೆಂದರೆ, ಅದರ ಎಂಜಿನಿನ ಮೇಲೆ ಕಾರ್ಖಾನೆಯವರು ಒತ್ತಿದ ಕೆಲವು ಅಂಕೆಗಳು ಹಾಗೆಯೇ ಉಳಿದಿರುವುದು.

ಈ ಗಾಡಿಗಳ ಹುಟ್ಟೂ ಸ್ವಾರಸ್ಯವಾದದ್ದೇ. ಮಧ್ಯಮ ಗಾತ್ರದ ಗಾಡಿಗಳಲ್ಲಿ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನನ್ನು ಕೂರಿಸಕೂಡದೆಂದು ಜನರಲ್ ಮೋಟಾರ್ಸ್ ಕಂಪನಿಯು ತನ್ನ ಶಾಖೆಗಳಿಗೆ ಕಟ್ಟುಮಾಡಿದ್ದಿತು. ಪಾಂಟಿಯಾಕ್ ಶಾಖೆಯ ಜಾನ್ ಡಿಲೋರಿಯನ್ನರೂ ಅವರ ಸಹೋದ್ಯೋಗಿಗಳೂ ೧೯೬೪ರ ‘ಟೆಂಪೆಸ್ಟ್’ ಗಾಡಿಗೆ ೩೮೯ ಘನ ಅಂಗುಲದ ಎಂಜಿನನ್ನು ಇಟ್ಟು, ಇದು ಹೊಸ ಗಾಡಿಯಲ್ಲ, ಗಿರಾಕಿಯು ಬೇಕೆಂದರೆ ಹಾಕಿಸಿಕೊಳ್ಳುವ ಹೆಚ್ಚಿನ ಸಾಮಗ್ರಿ ಮಾತ್ರವೆಂದು ಹೇಳಿ, ಕಟ್ಟಳೆಯ ಬೇಲಿಯನ್ನು ಹಾರಿದರು. ಸುಮಾರು ೨೯೬ ಡಾಲರಿನ ಆ ಸಾಮಗ್ರಿಗೆ ‘ಜಿ.ಟಿ.ಓ.’ ಎಂದು ಹೆಸರಾಯಿತು. ಮೊದಲನೆಯ ವರ್ಷದಲ್ಲಿಯೇ ೩೨,೦೦೦ಕ್ಕೂ ಮಿಕ್ಕು ಮಾರಾಟವಾದವು. ಬೇಲಿ ಹಾರಿದ ಆ ಉಪಾಯವೇ ಇಂದು ಕೊಳ್ಳುವವನ ಪಾಲಿಗೆ ಗಂಟಲ ಮುಳ್ಳಾಗಿದೆ. ಅದನ್ನು ಮುಂದೆ ಹೇಳುವೆವು.

ಶೆವ್ರೊಲೆ, ಫೋರ್ಡ್, ಡಾಡ್ಜ್, ಪ್ಲಿಮತ್ ಮುಂತಾದವರು ಹಿಂದೆ ಬೀಳಲಿಲ್ಲ. ಆದರೆ ಈ ವೈಭವವು ಹತ್ತು ವರ್ಷವೂ ನಿಲ್ಲಲಿಲ್ಲ. ವಿಮಾ ಕಂಪನಿಗಳು ಇಂಥ ಗಾಡಿಗಳ ಮೇಲೆ ಹೆಚ್ಚಿನ ಕಂತನ್ನು ಹೇರಿದವು. ೧೯೭೦ರ ವಾಯುಶುದ್ಧಿಯ ಶಾಸನವು ಹೊಗೆಯನ್ನು ಕಟ್ಟಿಹಾಕಿತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲವನ್ನು ತಡೆದುವು. ಇದ್ದಷ್ಟು ದಿನವಾದರೂ ಅವುಗಳನ್ನು ಯಾರೂ ಪೂಜೆಗೆ ಇಟ್ಟಿರಲಿಲ್ಲ. ತರುಣರು ಕಾಲು ಮೈಲಿಯ ಪಂದ್ಯಗಳಲ್ಲಿ ಓಡಿಸಿ ಎಂಜಿನುಗಳನ್ನು ಒಡೆದರು. ಕರಾರಿನ ಅವಧಿಯೊಳಗೆ ಕೆಟ್ಟುದಕ್ಕೆ ವರ್ತಕರು ಬೇರೆ ಎಂಜಿನನ್ನು ಹಾಕಿಕೊಟ್ಟರು. ಆಮೇಲೆ ಒಡೆದುದಕ್ಕೆ ಮುರುಕಲು ಸಾಮಾನಿನ ಅಂಗಡಿಯಿಂದ ತಂದು ಹಾಕಿಕೊಂಡರು. ಆದುದರಿಂದ ಹುಟ್ಟಿದಾಗಿನ ಎಂಜಿನು ಇಂದಿಗೂ ಉಳಿದಿರುವ ಗಾಡಿಯೆಂದರೆ, ಅನೇಕ ವೇಳೆ, ಯಾವ ಕೆಲಸಕ್ಕಾಗಿ ಮಾಡಲ್ಪಟ್ಟಿತೋ ಆ ಕೆಲಸವನ್ನು ಹೆಚ್ಚಾಗಿ ಮಾಡದೆ ಉಳಿದುಕೊಂಡದ್ದೆಂದೇ ಅರ್ಥ. ಪೇಟೆಯು ಹೆಚ್ಚು ಹಣ ಕೊಟ್ಟು ಮನ್ನಿಸುತ್ತಿರುವುದು ಇದನ್ನೇ.

ಇನ್ನು ಅಂಕೆಗಳ ವಿಚಾರ. ೧೯೬೮ರಿಂದೀಚೆಗೆ ಪ್ರತಿಯೊಂದು ಗಾಡಿಯ ಗುರುತಿನ ಸಂಖ್ಯೆಯೂ ಮುಂದಿನ ಗಾಜಿನ ಮೂಲಕ ಹೊರಗಿನಿಂದ ಕಾಣುವಂತಿರಬೇಕೆಂದು ವಿಧಿಯಾಯಿತು. ಅದೇ ಕಾಲದಿಂದ ಆ ಸಂಖ್ಯೆಯ ಒಂದು ಭಾಗವನ್ನು ಎಂಜಿನಿನ ಮೇಲೂ ಗೇರುಪೆಟ್ಟಿಗೆಯ ಮೇಲೂ ಒತ್ತುವ ಪದ್ಧತಿಯು ಬಹುಮಟ್ಟಿಗೆ ರೂಢಿಗೆ ಬಂದಿತು. ಇವು ಒಂದಕ್ಕೊಂದು ಕೂಡಿದರೆ ಗಾಡಿಯು ‘ಅಂಕೆ ಕೂಡಿದ’ ಗಾಡಿ. ಅದಕ್ಕಿಂತ ಹಿಂದಿನ ಅನೇಕ ಗಾಡಿಗಳಲ್ಲಿ ಇಂಥ ಮುದ್ರೆಯೇ ಇರುವುದಿಲ್ಲ. ಅಲ್ಲಿ ಎರಕದ ಸಂಖ್ಯೆಯನ್ನೂ ತಾರೀಖನ್ನೂ ನೋಡಿ ಊಹಿಸಬೇಕಾಗುವುದು. ಎಂಜಿನಿನ ಎರಕದ ತಾರೀಖು ಗಾಡಿಯನ್ನು ಜೋಡಿಸಿದ ತಾರೀಖಿಗಿಂತ ಕೆಲವು ವಾರ ಮುಂಚಿನದಾಗಿರತಕ್ಕದ್ದು. ತಂದೆಗಿಂತ ಮಗನು ಹಿರಿಯನಾದ ಜಾತಕವನ್ನು ಮುಂದಿಟ್ಟರೆ ಅಲ್ಲಿಗೇ ಎದ್ದು ಬರುವುದು ಲೇಸು.

ಅಂಕೆ ಕೂಡಿದರೂ ಗಾಡಿಯು ಹೇಳಿಕೊಳ್ಳುವ ಜಾತಿಯದೇ ಎಂಬುದು ಬೇರೆ ಪ್ರಶ್ನೆ. ಕ್ರೈಸ್ಲರ್ ಮತ್ತು ಫೋರ್ಡ್ ಕಂಪನಿಗಳವರು ಗುರುತಿನ ಸಂಖ್ಯೆಯಲ್ಲಿಯೇ ಎಂಜಿನಿನ ಅಕ್ಷರವನ್ನು ಸೇರಿಸಿದ್ದಾರೆ. ೧೯೭೦ರ ಪ್ಲಿಮತ್ತಿನ ಸಂಖ್ಯೆಯಲ್ಲಿ ಐದನೆಯ ಸ್ಥಾನದಲ್ಲಿ ‘ಆರ್’ ಇದ್ದರೆ ಅದು ಪ್ರಖ್ಯಾತವಾದ ೪೨೬ ಘನ ಅಂಗುಲದ ‘ಹೆಮಿ’. ಜನರಲ್ ಮೋಟಾರ್ಸಿನವರಲ್ಲಿ ಈ ಸೌಲಭ್ಯವಿಲ್ಲ. ೧೯೬೪, ೧೯೬೫ರ ಜಿ.ಟಿ.ಓ. ‘ಹೆಚ್ಚಿನ ಸಾಮಗ್ರಿ’ಯಾಗಿದ್ದುದರಿಂದ ಅದರ ಸಂಖ್ಯೆಗೂ ಸಾಧಾರಣ ಗಾಡಿಯ ಸಂಖ್ಯೆಗೂ ವ್ಯತ್ಯಾಸವೇ ಕಾಣದು. ೧೯೬೬ರಿಂದ ೧೯೭೧ರ ವರೆಗಿನದಾದರೆ ೨೪೨ ಎಂದು ಆರಂಭವಾಗುವುದು. ಶೆವ್ರೊಲೆಯವರ ‘ಶೆವೆಲ್ ಎಸ್.ಎಸ್.’ ಇದಕ್ಕೆ ತಿರುಗುಮುರುಗು: ೧೯೬೬ರಿಂದ ೧೯೬೮ರ ವರೆಗೆ ೧೩೮ ಎಂಬ ಅಂಕೆಯಿಂದ ಗೊತ್ತಾಗುತ್ತಿದ್ದುದು, ೧೯೬೯ರಿಂದ ಗೊತ್ತಾಗದಂತಾಯಿತು.

ಸಂಖ್ಯೆಯು ಮಾತಾಡದಿದ್ದಲ್ಲಿ ಕಾಗದವು ಮಾತಾಡಬೇಕು. ಪಾಂಟಿಯಾಕಿನ ಕಾರ್ಖಾನೆಯ ದಾಖಲೆಗಳು ಉಳಿದಿವೆ. ಶುಲ್ಕ ಕೊಟ್ಟರೆ ನಕಲು ದೊರೆಯುವುದು. ಫೋರ್ಡಿನ ೧೯೬೭ರಿಂದೀಚಿನ ಗಾಡಿಗಳಿಗೆ ‘ಮಾರ್ಟಿ ವರದಿ’ ಎಂಬುದು ಸಿಕ್ಕುವುದು. ಶೆವ್ರೊಲೆಯ ಗಿರಾಕಿಗೆ ಈ ಭಾಗ್ಯವಿಲ್ಲ. ಕಾರ್ಖಾನೆಯ ಕೆಲಸಗಾರರು ಗಾಡಿ ಜೋಡಿಸುವಾಗ ಉಪಯೋಗಿಸಿ, ಪೆಟ್ರೋಲು ತೊಟ್ಟಿಯ ಮೇಲೆ ಬಿಟ್ಟುಹೋದ ಚೀಟಿಯು ಐವತ್ತು ವರ್ಷದ ಮೇಲೂ ಇಲಿಗೂ ನೀರಿಗೂ ಸಿಕ್ಕದೆ ಉಳಿದಿದ್ದರೆ ಅದೇ ಅವನ ಸಾಕ್ಷಿ. ಕ್ರೈಸ್ಲರ್ ಗಾಡಿಗಳಲ್ಲಿ ಅಂಥ ಚೀಟಿಯು ಹಿಂದಿನ ಸೀಟಿನ ಸ್ಪ್ರಿಂಗುಗಳಲ್ಲಿ ಸಿಕ್ಕಿಕೊಂಡಿರುವುದುಂಟು. ಕಸವೆಂದು ಎಸೆಯಬೇಕಾಗಿದ್ದ ಕಾಗದವೊಂದು ಗಾಡಿಯ ಹಕ್ಕುಪತ್ರವಾದ ವಿನೋದವನ್ನು ವಕೀಲರಾದ ವಾಚಕರು ವಿಶೇಷವಾಗಿ ಮೆಚ್ಚಿಯಾರು.

ಹಣವಿದ್ದೆಡೆ ಕಳ್ಳರೂ ಇರುವರಷ್ಟೆ. ಹಳೆಯ ಮುದ್ರೆಯನ್ನು ಉಜ್ಜಿ ತೆಗೆದು, ಬೇಕಾದ ಅಂಕೆಯನ್ನು ಹೊಸದಾಗಿ ಒತ್ತುವ ವಿದ್ಯೆಯು ಅಲ್ಲಿ ಚೆನ್ನಾಗಿ ಬೆಳೆದಿದೆ. ಶೆವ್ರೊಲೆ ಕಾರ್ಖಾನೆಯಲ್ಲಿ ಎಂಜಿನಿನ ಮೇಲ್ಮೈಯನ್ನು ಹೆರೆದ ಯಂತ್ರವು ಅಲ್ಲಿ ಸೂಕ್ಷ್ಮವಾದ ಗೆರೆಗಳನ್ನು ಬಿಟ್ಟಿರುತ್ತಿತ್ತು. ಗೆರೆಯಿಲ್ಲದೆ ಕನ್ನಡಿಯಂತೆ ನುಣುಪಾದ ಜಾಗದಲ್ಲಿ ಅಂಕೆಗಳು ಮೆರೆಯುತ್ತಿದ್ದರೆ ಸಂಶಯಪಡತಕ್ಕದ್ದು. ರಿಪೇರಿಗಾಗಿ ಹೆರೆದುದರಿಂದಲೂ ಗೆರೆ ಹೋಗಿರಬಹುದು, ನಿಜ. ಆದರೆ ಗೆರೆ ಹೋಗಿ ಅಂಕೆ ಮಾತ್ರ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮಾರುವವನು ಉತ್ತರ ಕೊಡಬೇಕು.

ಈಗ ಕ್ರಯದ ಪ್ರಶ್ನೆಗೆ ಬರೋಣ. ಒಂದೇ ಬಣ್ಣದ ಮೂರು ಶೆವೆಲ್ ಗಾಡಿಗಳು, ಮೂರೂ ೧೯೭೦ರವು, ಸಾಲಾಗಿ ನಿಂತಿವೆಯೆನ್ನಿ. ಮೊದಲನೆಯದು ೪೫೦ ಅಶ್ವಶಕ್ತಿಯ ‘ಎಲ್.ಎಸ್.೬’ ಎಂಜಿನಿನ ಅಸಲು ಗಾಡಿ. ಎಂಜಿನಿನ ಮುದ್ರೆಯೂ ಕಾರ್ಖಾನೆಯ ಚೀಟಿಯೂ ಇವೆ. ಎರಡನೆಯದಕ್ಕೆ ಚೀಟಿ ಇದೆ, ಎಂಜಿನು ಮಾತ್ರ ಅದೇ ಜಾತಿಯ ಬೇರೆಯದು. ಮೂರನೆಯದು ಸಾಧಾರಣ ‘ಮಾಲಿಬು’ ಗಾಡಿಯಾಗಿ ಹುಟ್ಟಿ, ಆಮೇಲೆ ಎಸ್.ಎಸ್. ವೇಷವನ್ನು ಧರಿಸಿದ್ದು. ರಸ್ತೆಯಲ್ಲಿ ನಿಂತು ನೋಡುವವನಿಗೆ ಮೂರೂ ಒಂದೇ. ಚಕ್ರ ಹಿಡಿದವನಿಗೂ ಬಹುಶಃ ಒಂದೇ. ಮೊದಲನೆಯದರ ಹಣದಲ್ಲಿ ಮೂರನೆಯದರಂಥವು ಎರಡು ಬರುವುದು ಅಪರೂಪವಲ್ಲ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸಬೇಕೆಂಬ ಸಂಬಳದಾರನಿಗೆ ನಾವು ಎರಡನೆಯದನ್ನು ಕೊಳ್ಳೆಂದು ಹೇಳುವೆವು. ಅದರ ವಂಶವು ರುಜುವಾತಾಗಿದೆ. ಅದಕ್ಕಿರುವ ಒಂದೇ ಕುಂದನ್ನು ಮಾರುವವನೇ ಒಪ್ಪಿಕೊಂಡು ಕ್ರಯವನ್ನು ಇಳಿಸಿದ್ದಾನೆ. ಓಡಿಸುವಾಗ ಎಂಜಿನು ಒಡೆದರೂ ಅರ್ಧ ಆಸ್ತಿ ಮುಳುಗುವುದಿಲ್ಲ. ಮೊದಲನೆಯದನ್ನು ಕೊಂಡವನು ಅದನ್ನು ಓಡಿಸಲು ಹೆದರುವನು. ಮೂರನೆಯದೂ ತಪ್ಪಲ್ಲ, ವೇಷವನ್ನು ವೇಷವೆಂದೇ ಹೇಳಿ ಮಾರಿದರೆ ಅದರಲ್ಲಿ ಮೋಸವೇನಿದೆ? ಆದರೆ ಆ ಸತ್ಯವು ಮೊದಲನೆಯ ಮಾರಾಟದಲ್ಲಿ ಹೇಳಲ್ಪಟ್ಟು ಮೂರನೆಯ ಮಾರಾಟದ ಹೊತ್ತಿಗೆ ಮಾಯವಾಗುವ ಸಂಭವವುಂಟು.

ಅಂಕೆಗಳ ಚರ್ಚೆಯಲ್ಲಿ ತುಕ್ಕನ್ನು ಮರೆಯುವವರೇ ಹೆಚ್ಚು. ಎಂಜಿನನ್ನು ಒಂದು ವಾರದಲ್ಲಿ ಬದಲಾಯಿಸಬಹುದು. ಕೊಳೆತ ಮೈಯನ್ನು ಸರಿಪಡಿಸಲು ವರ್ಷಗಳು ಬೇಕು. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಉತ್ತರ ಪ್ರಾಂತ್ಯಗಳ ಗಾಡಿಗಿಂತ ಅರಿಜೋನಾದ ಒಣಗಾಳಿಯಲ್ಲಿದ್ದ ಗಾಡಿಯು ಲೇಸು. ಹಿಂದಿನ ಗಾಜಿನ ಅಂಚು, ಡಿಕ್ಕಿಯ ತಳ, ಕಾಲಿಡುವ ತಗಡು, ಇವನ್ನು ದೀಪ ಹಿಡಿದು ನೋಡತಕ್ಕದ್ದು. ಅಯಸ್ಕಾಂತವನ್ನು ಮೈಮೇಲೆ ಇಟ್ಟಾಗ ಹಿಡಿಯದೆ ಜಾರಿದರೆ ಅಲ್ಲಿರುವುದು ಕಬ್ಬಿಣವಲ್ಲ, ಪುಟ್ಟಿ.

ಅಸಲುತನಕ್ಕೆ ಬೆಲೆಯೇ ಇಲ್ಲವೆಂಬುದು ನಮ್ಮ ವಾದವಲ್ಲ. ೧೯೭೧ರಲ್ಲಿ ಹೆಮಿ ಎಂಜಿನು ಸಹಿತ ಹೊರಬಂದ ಮಡಿಸುವ ಚಾವಣಿಯ ಪ್ಲಿಮತ್ ‘ಕುಡಾ’ ಗಾಡಿಗಳು ಹನ್ನೊಂದು ಮಾತ್ರ. ಅವುಗಳಲ್ಲೊಂದು ೨೦೧೪ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ ೩೫ ಲಕ್ಷ ಡಾಲರಿಗೆ ಹೋಯಿತು. ಅಂಥ ವಿರಳ ವಸ್ತುವಿನಲ್ಲಿ ಪ್ರತಿಯೊಂದು ತಿರುಪೂ ಇತಿಹಾಸದ ಸಾಕ್ಷಿ. ಅದನ್ನು ಕಿತ್ತು ಹೊಸದನ್ನು ಹಾಕುವುದು ಶಿಲಾಶಾಸನವನ್ನು ಉಜ್ಜಿ ಹೊಳಪು ಕೊಟ್ಟಂತೆ.

೧೯೬೮ರ ‘ಬುಲಿಟ್’ ಚಲಚ್ಚಿತ್ರದಲ್ಲಿ ಸ್ಟೀವ್ ಮಕ್ವೀನರು ಓಡಿಸಿದ ಹಸುರು ಮಸ್ಟಾಂಗಿನ ಕಥೆಯಾದರೋ ಇನ್ನೂ ವಿಚಿತ್ರವಾದದ್ದು. ೧೯೭೪ರಲ್ಲಿ ಅದನ್ನು ೬,೦೦೦ ಡಾಲರಿಗೆ ಕೊಂಡ ಗೃಹಸ್ಥರ ಮನೆಯಲ್ಲಿ ಅದು ದಿನಬಳಕೆಯ ಗಾಡಿಯಾಗಿದ್ದಿತು. ೧೯೭೭ರಲ್ಲಿ ಮಕ್ವೀನರು ತಾವೇ ಕಾಗದ ಬರೆದು ಕೇಳಿದರೂ ಆ ಮನೆಯವರು ಕೊಡಲಿಲ್ಲ. ಹಲವು ವರ್ಷ ಮೂಲೆಯಲ್ಲಿ ಬಿದ್ದಿದ್ದ ಅದನ್ನು ಹೊಸದಾಗಿ ಬಣ್ಣ ಬಳಿಯಿಸದೆ, ಗೀಚು ತುಕ್ಕುಗಳೊಡನೆಯೇ ೨೦೧೮ರಲ್ಲಿ ಜನರ ಮುಂದೆ ತಂದರು. ಚಿತ್ರೀಕರಣದ ಕಾಲದಲ್ಲಿ ಕ್ಯಾಮೆರಾ ನಿಲ್ಲಿಸಲು ಮಾಡಿದ ಬೆಸುಗೆಯ ಗುರುತುಗಳೂ ಅದರಲ್ಲಿ ಹಾಗೆಯೇ ಇದ್ದವು. ೨೦೨೦ರ ಜನವರಿಯಲ್ಲಿ ಹರಾಜುದಾರರ ಶುಲ್ಕವೂ ಸೇರಿ ಅದಕ್ಕೆ ೩೭ ಲಕ್ಷ ೪೦ ಸಾವಿರ ಡಾಲರು ಬಂದಿತು.