ಸ್ತನ ತೆಗೆದ ಮೇಲೆ ಕೈ ಕಟ್ಟಿ ಕೂರಿಸಬೇಡಿ
ಸ್ತನ ಕ್ಯಾನ್ಸರ್ ಆಪರೇಷನ್ ಮುಗಿಸಿ ಬಂದವರಿಗೆ ಮನೆಯವರು ಹೇಳೋ ಮೊದಲ ಮಾತು, ‘ಆ ಕೈ ಅಲ್ಲಾಡಿಸಬೇಡ’. ಅಲ್ಲೇ ತಪ್ಪಾಗೋದು. ಸುಮ್ಮನಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಡಾಕ್ಟರ್ ಒಪ್ಪಿದ ದಿನದಿಂದಲೇ ತಲೆ ಬಾಚುವುದು, ಗೋಡೆ ಮೇಲೆ ಬೆರಳು ಹತ್ತಿಸುವುದು ಶುರು ಮಾಡಿ. ನೀರಿನ ಕೊಡ ಮಾತ್ರ ಅವರು ಹೇಳುವ ತನಕ ಎತ್ತಬೇಡಿ. ಕಂಕುಳಿನ ಗ್ರಂಥಿ ತೆಗೆದಿದ್ದರೆ ವರ್ಷಗಳ ನಂತರವೂ ಕೈ ಊದಬಹುದು. ಬಳೆ, ಉಂಗುರ ಬಿಗಿಯಾದರೆ ಅದೇ ಸುಳಿವು. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ತೋರಿಸಿ.

ಕನ್ನಡಿ ನೋಡೋಕೆ, ಗಂಡನ ಮುಂದೆ ಸೀರೆ ಬದಲಿಸೋಕೆ ತಿಂಗಳುಗಟ್ಟಲೆ ಹಿಂಜರಿಯುವವರಿದ್ದಾರೆ. ಅವಸರಪಡಿಸಬೇಡಿ. ನಿದ್ದೆ ಬಾರದೆ ಅಳುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಟೈಲರ್ ಅಂಗಡಿಯವರಿಗೂ ಒಂದು ಮಾತು: ಪ್ಯಾಡ್ ಇಡೋಕೆ ರವಿಕೆ ಒಳಗೆ ಜೇಬು ಕೇಳಿದರೆ, ‘ಯಾಕಕ್ಕಾ’ ಅನ್ನದೆ ಹೊಲಿದುಕೊಡಿ.